ಪಕ್ಕದ ಕೋಣೆಗೂ ಹೋಗಿ ಬನ್ನಿ, ಮೇಷ್ಟ್ರೇ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಚೀನಾದ ಕಂಚಿನ ಗಂಟೆಗಳ ಲೇಖನ ಓದಿದೆ. ಆಗಿನ ಆಸ್ಥಾನ ಸಂಗೀತಗಾರರೇ ಪುಣ್ಯವಂತರು. ಹೊಟ್ಟೆಪಾಡಿನ ಚಿಂತೆಯಿಲ್ಲ, ಕೂತು ಕೇಳುವ ರಾಜನಿದ್ದ. ಈಗಿನವರಿಗೆ ಆ ಭಾಗ್ಯ ಎಲ್ಲಿ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕಲ್ಲ. ಅರಮನೆಯ ದುಡ್ಡಿಲ್ಲದೆ ಪ್ರಾಚೀನ ಚೀನಾದ ಝೆಂಗ್ ಎಂಬ ಪುಟ್ಟ ನಾಡಿನ ಯೀ ಎಂಬ ದೊರೆಗೆ 65 ಗಂಟೆ ಎರಕ ಹೊಯ್ಯುವವರು ಯಾರು? ಅದೂ ಒಂದೊಂದು ಗಂಟೆಯಲ್ಲಿ ಎರಡೆರಡು ಸ್ವರ! ಚೀನಾದ ಝೌ ವಂಶದ ಅರಸರ ಆಡಳಿತ ಹೇಗಿರಬೇಕೆಂದು ಹೇಳುವ ಹಳೆಯ ಗ್ರಂಥದಲ್ಲಿ 300 ಕುರುಡು ಸಂಗೀತಗಾರರಿಗೆ ಜಾಗವಿದೆ, ಅವರ ನೆರವಿಗೆ ಕಣ್ಣಿರುವ 300 ಜನ ಬೇರೆ. ಒಳ್ಳೆಯದೇ.

ಆದರೆ ನೀವು ಗಂಟೆ ನೋಡಿ ಅಲ್ಲೇ ನಿಂತುಬಿಟ್ಟಿರಿ. ಪಕ್ಕದ ಕೋಣೆಗೆ ಹೋಗಲೇ ಇಲ್ಲ. 1978ರಲ್ಲಿ ಹುಬೇ ಪ್ರಾಂತ್ಯದಲ್ಲಿ ಯೀ ದೊರೆಯ ಸಮಾಧಿ ಅಗೆದಾಗ ಈ ಗಂಟೆಗಳ ಜೊತೆಗೆ 21 ಹೆಣ್ಣುಮಕ್ಕಳ ಶವಪೆಟ್ಟಿಗೆಗಳೂ ಸಿಕ್ಕವು. ದೊರೆಯ ಕೋಣೆಯಲ್ಲಿ ಎಂಟು, ಇನ್ನೊಂದು ಕೋಣೆಯಲ್ಲಿ ಹದಿಮೂರು. ಎಲ್ಲ ಎಳೆಯ ಪ್ರಾಯದವರು. ದೊರೆ ಸತ್ತ ಅಂತ ಇವರನ್ನೂ ಕಳಿಸಿಕೊಟ್ಟರು. ವಾದ್ಯ ನುಡಿಸುವವರು, ಕುಣಿಯುವವರು ಇವರಲ್ಲಿ ಇದ್ದಿರಬೇಕು ಅನ್ನುತ್ತಾರೆ ವಿದ್ವಾಂಸರು. ಗಂಟೆಗಳ ಮೇಲೆ ಸ್ವರಗಳ ಹೆಸರನ್ನು ಚಿನ್ನ ತುಂಬಿ ಬರೆದಿದ್ದಾರೆ. ಈ ಹುಡುಗಿಯರದು ಒಂದು ಹೆಸರೂ ಇಲ್ಲ.

ಕೂತು ಕೇಳುವ ರಾಜ ಅಂದಿರಲ್ಲ, ಚೀನಾದ ಚಿನ್ ವಂಶದ ಮೊದಲ ಚಕ್ರವರ್ತಿಯೂ ಕೇಳುತ್ತಿದ್ದ. ಗಾವೊ ಜಿಯಾನ್ಲಿ ಎಂಬವನ ತಂತಿವಾದ್ಯ ಅವನಿಗೆ ಪ್ರಾಣ. ಆದರೆ ಆ ವಾದಕ, ಚಕ್ರವರ್ತಿಯನ್ನು ಕೊಲ್ಲಲು ಬಂದಿದ್ದವನ ಗೆಳೆಯ. ಚಕ್ರವರ್ತಿ ಏನು ಮಾಡಿದ ಗೊತ್ತಾ? ಜೀವ ಉಳಿಸಿ, ಕುರುಡು ಮಾಡಿಸಿ, ಎದುರು ಕೂರಿಸಿಕೊಂಡ. ಕೇಳ್ತಾ ಕೇಳ್ತಾ ಹತ್ತಿರ ಹತ್ತಿರ ಕರೆದ. ಒಂದು ದಿನ ಆ ವಾದಕ ವಾದ್ಯದೊಳಗೆ ಸೀಸ ತುಂಬಿ ಚಕ್ರವರ್ತಿಯತ್ತ ಬೀಸಿಯೇಬಿಟ್ಟ. ಗುರಿ ತಪ್ಪಿತು, ತಲೆ ಹೋಯಿತು. ಇತಿಹಾಸಕಾರ ಸಿಮಾ ಚಿಯಾನ್ ಬರೆದಿಟ್ಟ ಸಂಗತಿ ಇದು. ಇದೇನಾ ಪುಣ್ಯ?

ಇನ್ನು ಹೊಟ್ಟೆಪಾಡು. ಕ್ರಿ.ಪೂ. 7ರಲ್ಲಿ ಹಾನ್ ವಂಶದ ಐ ಎಂಬ ಚಕ್ರವರ್ತಿ ಆಸ್ಥಾನದ ಸಂಗೀತ ಇಲಾಖೆಯನ್ನೇ ಮುಚ್ಚಿದ. 829 ಜನರಲ್ಲಿ 441 ಮಂದಿಗೆ ಕೆಲಸ ಹೋಯಿತು.

ನನಗೆ ಇಷ್ಟವಾದವನು ಪ್ರಾಚೀನ ಚೀನಾದ ಜಿನ್ ನಾಡಿನ ಕುರುಡು ಸಂಗೀತಗಾರ ಶಿ ಕುವಾಂಗ್. "ನಾನು ಏನಂದರೂ ಯಾರೂ ಎದುರಾಡಲ್ಲ, ದೊರೆಯಾಗಿರೋದರಲ್ಲಿ ಇದೊಂದೇ ಸುಖ" ಅಂದನಂತೆ ಆ ನಾಡಿನ ಪಿಂಗ್ ದೊರೆ. ಶಿ ಕುವಾಂಗ್ ಕೈಯಲ್ಲಿದ್ದ ವಾದ್ಯವನ್ನೇ ಅವನತ್ತ ಬೀಸಿದ. ಅದು ಗೋಡೆಗೆ ಬಡಿಯಿತು. "ಯಾರೋ ಅಲ್ಪನ ಮಾತು ಕೇಳಿಸಿತು, ಅದಕ್ಕೆ" ಅಂದನಂತೆ. ದೊರೆ ಅವನನ್ನು ಶಿಕ್ಷಿಸಲಿಲ್ಲ. ಕಥೆಯೇ ಇರಬಹುದು, ಆದರೂ ಎಂಥ ಕಥೆ!

ನಮ್ಮಲ್ಲಿ ಈಗ ರಾಜರಿಲ್ಲ, ಪ್ರಾಯೋಜಕರಿದ್ದಾರೆ. ಆಮಂತ್ರಣದಲ್ಲಿ ಅವರ ಫೋಟೋ ಅಂಗೈ ಅಗಲ. ಹಾಡುವವರ ಹೆಸರು ಕೆಳಗೆ, ಸಣ್ಣಕ್ಷರದಲ್ಲಿ. ಮೃದಂಗದವರು, ಪಿಟೀಲಿನವರು ಎಲ್ಲ ಸೇರಿ 'ಮತ್ತು ತಂಡ'. ಸನ್ಮಾನ, ಭಾಷಣ ಎಲ್ಲ ಮುಗಿಯುವಷ್ಟರಲ್ಲಿ ಕಛೇರಿಗೆ ಉಳಿಯೋದು ಮುಕ್ಕಾಲು ಗಂಟೆ. ನಮ್ಮ ಪತ್ರಿಕೆಗೂ ಇಂಥ ವರದಿಗಳೇ ಜಾಸ್ತಿ ಬರುತ್ತವೆ.

ನೀವು ಬರೆಯುವ ಕನ್ನಡ ಸೊಗಸಾಗಿದೆ, ಮೇಷ್ಟ್ರೇ. ಅದನ್ನು ಸುಮ್ನೆ ರಾಜರಿಗೆ ಖರ್ಚು ಮಾಡಬೇಡಿ. ನಿಮ್ಮೂರಲ್ಲಿ ಮದುವೆಗೆ ವಾಲಗ ಊದುವವರಿರಬೇಕಲ್ವಾ? ಅವರನ್ನು ಮಾತಾಡಿಸಿ ಬರೆದು ಕಳಿಸಿ. ಎರಡು ಪುಟ ಮೀರದಿರಲಿ, ಎಲ್ಲರ ಹೆಸರೂ ಇರಲಿ.