ಕಬ್ಬಿಣದ ಕಂಬಿಯೇ ಇಲ್ಲದೆ ರೋಮ್‌ನ ಪ್ಯಾಂಥಿಯನ್ ಅನ್ನೋ ಪುರಾತನ ದೇವಾಲಯದ ಗುಮ್ಮಟ ಇಷ್ಟು ವರ್ಷ ಹೇಗೆ ನಿಂತಿದೆ?

ಗಾರೆಯೂ ಗಟ್ಟಿ, ನಿಜ. ಆದರೆ ದೊಡ್ಡ ಕಾರಣ ತೂಕದ ಲೆಕ್ಕಾಚಾರ.

ಈ ಗುಮ್ಮಟದ ಅಗಲ ಸುಮಾರು 43 ಮೀಟರ್. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿದದ್ದು. ಕಂಬಿ ಹಾಕದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಜಗತ್ತಿಗೇ ದೊಡ್ಡದು ಇದೇ.

ರೋಮನ್ನರು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿ ಗಾರೆ ಮಾಡುತ್ತಿದ್ದರು. ಅದು ನೀರಿನೊಳಗೂ ಗಟ್ಟಿಯಾಗುತ್ತದೆ. ಹಾಗಾಗಿ ಬಂದರು ಕಟ್ಟೋದಕ್ಕೂ ಅದನ್ನೇ ಬಳಸಿದರು. ಈ ಗಾರೆಗೆ ಕಲ್ಲು, ಇಟ್ಟಿಗೆ ಚೂರು ಸೇರಿದರೆ ಅವರ ಕಾಂಕ್ರೀಟ್.

ಅವರ ನಿಜವಾದ ಜಾಣತನ ಆ ಕಲ್ಲಿನ ಆಯ್ಕೆಯಲ್ಲಿದೆ ಅಂತ ನನಗನಿಸುತ್ತದೆ. ಕೆಳಗೆ ಭಾರದ ಟ್ರಾವರ್ಟೈನ್ ಕಲ್ಲು. ಮೇಲೇರಿದಂತೆ ಟಫ್ (tuff) ಅನ್ನೋ, ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದ ಹಗುರ ಕಲ್ಲು, ಇಟ್ಟಿಗೆ ಚೂರು. ನೆತ್ತಿಯ ಹತ್ತಿರ ಪ್ಯೂಮಿಸ್, ಅಂದರೆ ನೀರಲ್ಲಿ ತೇಲುವಷ್ಟು ಹಗುರ ಕಲ್ಲು! ಗುಮ್ಮಟದ ದಪ್ಪವೂ ಹಾಗೇ ಇಳಿಯುತ್ತದೆ. ಬುಡದಲ್ಲಿ ಸುಮಾರು 6 ಮೀಟರ್, ತುದಿಯಲ್ಲಿ 1.2 ಮೀಟರ್ ಅಷ್ಟೇ. ಒಳಮೈಯಲ್ಲಿ ಕಾಣುವ ಚೌಕ ಗುಳಿಗಳು ಐದು ಸಾಲು, ಸಾಲಿಗೆ 28. ಸುಮ್ನೆ ಅಂದಕ್ಕೆ ಮಾತ್ರವಲ್ಲ, ಅವುಗಳಿಂದ ಒಂದಿಷ್ಟು ತೂಕವೂ ಇಳಿಯಿತು.

ನಟ್ಟನಡುವೆ, ತೂಕ ಜಾಸ್ತಿ ಕಾಡುವ ಜಾಗದಲ್ಲಿ, ಕಾಂಕ್ರೀಟೇ ಇಲ್ಲ! 8ರಿಂದ 9 ಮೀಟರ್ ಅಗಲದ ತೆರೆದ ಕಿಂಡಿ ಇದೆ. ಮಳೆ ನೇರ ಒಳಗೇ ಬೀಳುತ್ತದೆ. ಅದು ಹರಿದು ಹೋಗಲು ನೆಲಕ್ಕೆ ಸಣ್ಣ ಇಳಿಜಾರು, ತೂತುಗಳು ಇವೆ.

ಬಿರುಕು ಬಿಟ್ಟಿಲ್ವಾ ಅಂದ್ರೆ, ಬಿಟ್ಟಿದೆ. ಬುಡದಿಂದ ಮೇಲಕ್ಕೆ ಬಿರುಕುಗಳಿವೆ. ಆದರೆ ಹೊರಕ್ಕೆ ತಳ್ಳುವ ಒತ್ತಡವನ್ನು ಕೆಳಗಿನ ಸುಮಾರು 6 ಮೀಟರ್ ದಪ್ಪದ ಗೋಡೆ ತಡೆದುಕೊಳ್ಳುತ್ತದೆ.