ಓದುಗರ ಪ್ರಶ್ನೆ: ಮನೆತನದ ಗುಟ್ಟು, ಮೂರು ತಲೆಮಾರು

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಒಂದೇ ಬಗೆಯ ಪುಸ್ತಕಗಳಿಗೆ ಸಂಬಂಧಿಸಿವೆ. ಹಿಂದೆಂದೋ ನಡೆದ ಒಂದು ಸಾವನ್ನೋ ಜನನವನ್ನೋ ಕಣ್ಮರೆಯನ್ನೋ ಮನೆಯವರು ಮುಚ್ಚಿಡುತ್ತಾರೆ. ಮೊಮ್ಮಕ್ಕಳ ಅಥವಾ ಮರಿಮಕ್ಕಳ ಕಾಲದಲ್ಲಿ ಅದು ಹೊರಬೀಳುತ್ತದೆ. ಇಂಥ ಐತಿಹಾಸಿಕ ರಹಸ್ಯ ಕಾದಂಬರಿಗಳನ್ನು ಓದುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: ಈ ಕಾದಂಬರಿಗಳಲ್ಲಿ ಒಂದು ಅಧ್ಯಾಯ ಇಂದಿನದಾದರೆ ಮುಂದಿನದು ನೂರು ವರ್ಷ ಹಿಂದಿನದು. ಸಾಲದ್ದಕ್ಕೆ ಅಜ್ಜನ ಹೆಸರನ್ನೇ ಮೊಮ್ಮಗನಿಗೂ ಇಟ್ಟಿರುತ್ತಾರೆ. ಅರ್ಧಕ್ಕೆ ಬರುವಷ್ಟರಲ್ಲಿ ಯಾರು ಯಾರ ಮಗ ಎಂಬುದೇ ಮರೆತುಹೋಗುತ್ತದೆ. ಹಳೆಯ ಕಾಲದ ಅಧ್ಯಾಯಗಳನ್ನೆಲ್ಲ ಮೊದಲು ಓದಿ ಮುಗಿಸಿ, ಆಮೇಲೆ ಉಳಿದವನ್ನು ಓದಿದರೆ ತಪ್ಪೇ?

ಉತ್ತರ: ತಪ್ಪೇನಲ್ಲ, ಆದರೆ ನಷ್ಟ ನಿಮ್ಮದೇ. ಇಂಥ ಕಾದಂಬರಿಯ ಸ್ವಾರಸ್ಯದ ಬಹುಪಾಲು ಇರುವುದು ಓದುಗರಿಗೆ ತಿಳಿದದ್ದಕ್ಕೂ ಕಥೆಯೊಳಗಿನ ಮೊಮ್ಮಗಳಿಗೆ ತಿಳಿದದ್ದಕ್ಕೂ ನಡುವಿನ ಅಂತರದಲ್ಲಿ. ಹಿಂದಿನ ಅಧ್ಯಾಯದಲ್ಲಿ ಒಬ್ಬ ಹೆಂಗಸು ತನ್ನ ಉಂಗುರವನ್ನು ಬಿಚ್ಚಿ ಬಟ್ಟೆಯ ಗೊಂಬೆಯ ಅಂಚಿನೊಳಗೆ ಇಟ್ಟು ಹೊಲಿದದ್ದನ್ನು ನಾವು ಕಂಡಿರುತ್ತೇವೆ ಎಂದುಕೊಳ್ಳಿ. ಮುಂದಿನ ಅಧ್ಯಾಯದಲ್ಲಿ ಅವಳ ಮರಿಮಗಳು ಮನೆ ಖಾಲಿ ಮಾಡುವ ಭರದಲ್ಲಿ ಆ ಗೊಂಬೆಯನ್ನು ಕಸದ ಚೀಲಕ್ಕೆ ಹಾಕುತ್ತಾಳೆ. ಆ ಕ್ಷಣದಲ್ಲಿ ನಮಗಾಗುವ ಚಡಪಡಿಕೆ ಎರಡು ಅಧ್ಯಾಯಗಳು ಅಕ್ಕಪಕ್ಕದಲ್ಲಿ ಇರುವುದರಿಂದಲೇ ಹುಟ್ಟಿದ್ದು. ಅವುಗಳನ್ನು ಬೇರ್ಪಡಿಸಿ ಓದಿದರೆ ಗೊಂಬೆ ಬರಿಯ ಗೊಂಬೆಯಾಗಿ ಉಳಿಯುತ್ತದೆ.

ಗೊಂದಲಕ್ಕೆ ನನ್ನ ಸಲಹೆ ಇಷ್ಟೇ: ಪುಟದ ಗುರುತಿಗೆ ಇಟ್ಟುಕೊಂಡ ಚೀಟಿಯ ಮೇಲೆ ಪ್ರತಿಯೊಬ್ಬರ ಹೆಸರು, ಹುಟ್ಟಿದ ವರ್ಷ ಮತ್ತು ತಾಯಿಯ ಹೆಸರನ್ನು ಬರೆದುಕೊಳ್ಳಿ. ತಂದೆಯ ಹೆಸರನ್ನು ಪೆನ್ಸಿಲಿನಲ್ಲಿ ಬರೆದರೆ ಸಾಕು, ಏಕೆಂದರೆ ಈ ಪ್ರಕಾರದಲ್ಲಿ ಕೊನೆಗೆ ಅಳಿಸಬೇಕಾಗಿ ಬರುವುದು ಸಾಮಾನ್ಯವಾಗಿ ಅದೇ. ವರ್ಷಗಳನ್ನು ಕೂಡಿ ಕಳೆದಾಗ ಎಲ್ಲೋ ಒಂದು ಕಡೆ ವಯಸ್ಸು ತಾಳೆಯಾಗದಿದ್ದರೆ, ಅದು ಲೇಖಕರ ಅಜಾಗರೂಕತೆ ಎಂದು ತಳ್ಳಿಹಾಕಬೇಡಿ. ಇನ್ನು, ಪುಸ್ತಕದ ಮೊದಲಿಗೇ ವಂಶಾವಳಿಯನ್ನು ಅಚ್ಚು ಹಾಕಿದ್ದರೆ ಅದನ್ನು ಪೂರ್ತಿಯಾಗಿ ನಂಬುವುದು ಬೇಡ. ಜಾಣ ಲೇಖಕರು ಅಲ್ಲಿ ಕೊಡುವುದು ಆ ಮನೆಯವರು ಊರಿಗೆಲ್ಲ ಹೇಳಿಕೊಂಡು ಬಂದ ವಂಶಾವಳಿಯನ್ನು.

ಪ್ರಶ್ನೆ: ಒಂದು ಗುಟ್ಟು ಮೂರು ತಲೆಮಾರಿನವರೆಗೆ ಹೊರಬೀಳದೆ ಉಳಿಯುವುದು ನಂಬುವಂಥ ಮಾತೇ? ಸರ್ಕಾರದ ದಾಖಲೆಗಳು, ನೆರೆಹೊರೆಯವರು, ನೆಂಟರು ಇದ್ದೇ ಇರುತ್ತಾರಲ್ಲ?

ಉತ್ತರ: ನೆರೆಯವರಿಗೂ ನೆಂಟರಿಗೂ ಬಹುತೇಕ ಗೊತ್ತೇ ಇರುತ್ತದೆ. ಗೊತ್ತಿಲ್ಲದಿರುವುದು ಮಕ್ಕಳಿಗೆ. ಗೊತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಉಳಿಯುವುದು ಕಾಗದ ಮಾತ್ರ. ಆ ಕಾಗದ ಏನನ್ನು ಹೇಳುತ್ತದೆ, ಯಾವಾಗ ಹೇಳುತ್ತದೆ ಎಂಬುದರ ಮೇಲೆ ಕಥೆ ನಿಂತಿದೆ.

ಈ ಬಗೆಯ ಹಲವು ಕಾದಂಬರಿಗಳ ಕಥೆ ಇಂಗ್ಲೆಂಡಿನಲ್ಲಿ ನಡೆಯುವುದರಿಂದ ಅಲ್ಲಿನ ನಿಯಮಗಳನ್ನೇ ನೋಡೋಣ. ಜನನ, ಮರಣ, ಮದುವೆಗಳನ್ನು ಸರ್ಕಾರ ನೋಂದಾಯಿಸತೊಡಗಿದ್ದು 1837ರ ಜುಲೈಯಲ್ಲಿ. ಅದಕ್ಕೆ ಮುಂಚಿನದಕ್ಕೆ ಚರ್ಚುಗಳ ದಾಖಲೆ ಪುಸ್ತಕಗಳೇ ಮುಖ್ಯ ಆಧಾರ. ದತ್ತು ತೆಗೆದುಕೊಳ್ಳುವುದಕ್ಕೆ ಕಾನೂನಿನ ಚೌಕಟ್ಟು ಬಂದದ್ದು 1926ರಲ್ಲಿ. ಅಲ್ಲಿಯವರೆಗೆ ಒಂದು ಮನೆಯ ಮಗು ಇನ್ನೊಂದು ಮನೆಯ ಮಗುವಾಗಲು ಬಾಯಿಮಾತು ಸಾಕಿತ್ತು. ದತ್ತು ಹೋದವರು ದೊಡ್ಡವರಾದ ಮೇಲೆ ತಮ್ಮ ಮೂಲ ಜನನ ಪ್ರಮಾಣಪತ್ರವನ್ನು ನೋಡುವ ಹಕ್ಕು ಪಡೆದದ್ದು 1975ರ ಕಾಯಿದೆಯಿಂದ. ಮದುವೆಯಾಗದ ತಾಯಿಗೆ ಹುಟ್ಟಿದ ಮಗುವಿಗೆ, ಉಯಿಲಿಲ್ಲದೆ ಸತ್ತ ತಂದೆಯ ಆಸ್ತಿಯಲ್ಲಿ ಪಾಲು ಸಿಗುವಂತಾದದ್ದು 1969ರ ಕಾಯಿದೆಯಿಂದ. ಈ ಇಸವಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿದರೆ, ಕಥೆಯ ಅಜ್ಜಿ ಯಾಕೆ ಅಷ್ಟೊಂದು ಹೆದರಿದಳು ಎಂಬುದು ಅರ್ಥವಾಗುತ್ತದೆ. ಅವಳು ಮುಚ್ಚಿಟ್ಟದ್ದು ಮಾನಕ್ಕೆ ಅಂಜಿ ಮಾತ್ರವಲ್ಲ. ಮಗು ಯಾರದೆಂದು ಬಾಯಿಬಿಟ್ಟಿದ್ದರೆ ಅದಕ್ಕೆ ಮನೆಯೂ ಇರುತ್ತಿರಲಿಲ್ಲ, ಹೊಲವೂ ಇರುತ್ತಿರಲಿಲ್ಲ.

ಜನಗಣತಿಯ ಮಾತು ಇನ್ನೂ ಸ್ವಾರಸ್ಯದ್ದು. ಅಲ್ಲಿ ಮನೆಮನೆಯ ವಿವರ ಸಾರ್ವಜನಿಕರಿಗೆ ಸಿಗಬೇಕಾದರೆ ನೂರು ವರ್ಷ ಕಾಯಬೇಕು. 1921ರ ಗಣತಿಯ ಹಾಳೆಗಳು ತೆರೆದುಕೊಂಡದ್ದು 2022ರ ಜನವರಿಯಲ್ಲಿ. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು, 1941ರಲ್ಲಿ ಯುದ್ಧದ ಕಾರಣದಿಂದ ಗಣತಿಯೇ ನಡೆಯಲಿಲ್ಲ. ಅಂದರೆ ಎರಡು ಮಹಾಯುದ್ಧಗಳ ನಡುವೆ ಒಂದು ಮನೆಯಲ್ಲಿ ಯಾರು ಯಾರು ಇದ್ದರು ಎಂಬುದಕ್ಕೆ ದೊಡ್ಡದೊಂದು ಕಂದಕವೇ ಉಂಟು. ಐರ್ಲೆಂಡಿನ ಸಾರ್ವಜನಿಕ ದಾಖಲೆಗಳ ಭಂಡಾರವಂತೂ 1922ರಲ್ಲಿ ಡಬ್ಲಿನ್ ನಗರದ ಅಂತರ್ಯುದ್ಧದಲ್ಲಿ ಸಿಡಿದು ಬೂದಿಯಾಯಿತು. ಕಾದಂಬರಿಕಾರರು ಇಂಥ ಕಂದಕಗಳನ್ನು ಹುಡುಕಿಕೊಂಡು ಹೋಗಿ ಅಲ್ಲಿ ತಮ್ಮ ಕಥೆಯನ್ನು ಹೂಡುತ್ತಾರೆ.

ಉಳಿದ ಹಾಳೆಗಳೂ ಗುಟ್ಟನ್ನು ನೇರವಾಗಿ ಹೇಳುವುದಿಲ್ಲ. ಗಣತಿಯ ಒಂದು ಪುಟದಲ್ಲಿ ತಾಯಿಗೆ 49 ವರ್ಷ, ಹಿರಿಯ ಮಗಳಿಗೆ 18, ಅವಳ ನಂತರದ ಮಗನಿಗೆ 15, ಕೊನೆಯ ಮಗುವಿಗೆ 1 ವರ್ಷ ಎಂದು ಬರೆದಿದೆ ಎನ್ನಿ. ಬರೆದುಕೊಂಡ ಗುಮಾಸ್ತನಿಗೆ ಅದರಲ್ಲಿ ಅಕ್ರಮ ಕಂಡಿರಲಾರದು. ನೂರು ವರ್ಷ ಕಳೆದ ಮೇಲೆ ಅದೇ ಪುಟವನ್ನು ನೋಡುವ ಮರಿಮಗಳು ಮಾತ್ರ ಆ 18ರ ಮೇಲೆ ಬೆರಳಿಟ್ಟು ನಿಲ್ಲುತ್ತಾಳೆ. ಯಾರೂ ಒಂದು ಕಾಗದವನ್ನೂ ಅಡಗಿಸಿಡದೆ ಗುಟ್ಟು ಉಳಿಯುವ ರೀತಿ ಇದು. ಗೋಡೆಯೊಳಗಿನ ಕಳ್ಳಪೆಟ್ಟಿಗೆಗಿಂತ ನನಗೆ ಇದೇ ಹೆಚ್ಚು ಇಷ್ಟ.

ಪ್ರಶ್ನೆ: ಈಗ ಡಿಎನ್‌ಎ ಪರೀಕ್ಷೆ ಬಂದಿದೆ. ಎಂಜಲನ್ನು ಕಳುಹಿಸಿದರೆ ಮನೆತನದ ಜಾತಕವೇ ಬಂದುಬಿಡುತ್ತದೆ. ಈ ಪ್ರಕಾರದ ಕಾದಂಬರಿಗಳ ಕಾಲ ಮುಗಿಯಿತೇ?

ಉತ್ತರ: ಇಲ್ಲ. ಡಿಎನ್‌ಎ ಬೆರಳಚ್ಚಿನ ವಿಧಾನವನ್ನು ಅಲೆಕ್ ಜೆಫ್ರೀಸ್ ಅವರು 1984ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕಂಡುಕೊಂಡರು. ಅದೇ ಲೆಸ್ಟರ್ ನಗರದಲ್ಲಿ 2012ರಲ್ಲಿ ಕಾರು ನಿಲ್ಲಿಸುವ ಜಾಗವೊಂದನ್ನು ಅಗೆದಾಗ, 1485ರ ಯುದ್ಧದಲ್ಲಿ ಸತ್ತ ರಾಜ ಮೂರನೆಯ ರಿಚರ್ಡನ ಅಸ್ಥಿಪಂಜರ ಸಿಕ್ಕಿತು. ತಾಯಿಯಿಂದ ಮಕ್ಕಳಿಗೆ ಇಳಿಯುವ ಡಿಎನ್‌ಎ, ಅವನ ಅಕ್ಕನ ಹೆಣ್ಣು ಸಂತತಿಯಲ್ಲಿ ಇಂದು ಬದುಕಿರುವವರ ಡಿಎನ್‌ಎಗೆ ಹೊಂದಿತು. ತಂದೆಯಿಂದ ಗಂಡುಮಕ್ಕಳಿಗೆ ಇಳಿಯುವ ವೈ ವರ್ಣತಂತು ಮಾತ್ರ, ದಾಖಲೆಗಳ ಪ್ರಕಾರ ಅದೇ ಗಂಡು ವಂಶದವರಾದ ಇಂದಿನವರಿಗೆ ಹೊಂದಲಿಲ್ಲ. ಅಷ್ಟು ಶತಮಾನಗಳ ನಡುವೆ ಎಲ್ಲೋ ಒಂದು ಕಡೆ, ತಂದೆಯೆಂದು ಬರೆಸಿಕೊಂಡವನು ತಂದೆಯಾಗಿರಲಿಲ್ಲ ಎಂದು 2014ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಯಾವ ತಲೆಮಾರಿನಲ್ಲಿ, ಯಾವ ಹೆಂಗಸು, ಯಾವ ಸಂಕಟದಲ್ಲಿ ಎಂಬುದನ್ನು ಪರೀಕ್ಷೆ ಹೇಳಲಿಲ್ಲ. ಅಂಥ ಜಾಗದಲ್ಲಿಯೇ ಕಾದಂಬರಿಗೆ ಕೆಲಸವಿದೆ. ಇತ್ತೀಚಿನ ಪುಸ್ತಕಗಳಲ್ಲಿ ಪರೀಕ್ಷೆಯ ಫಲಿತಾಂಶವೇ ಮೊದಲ ಅಧ್ಯಾಯದಲ್ಲಿ ಬರುವುದನ್ನು ನೀವೂ ಗಮನಿಸಿರಬಹುದು: ಗುಟ್ಟು ಆಗಲೇ ಬಯಲು, ಕಾರಣ ಮಾತ್ರ ಕತ್ತಲಲ್ಲಿ. ಹಳೆಯ ತಂತ್ರಕ್ಕಿಂತ ಇದು ಕಷ್ಟದ್ದು, ಏಕೆಂದರೆ ಕೊನೆಯ ಪುಟದ ಬೆರಗನ್ನು ನೆಚ್ಚಿಕೊಳ್ಳಲು ಲೇಖಕರಿಗೆ ಅವಕಾಶವಿಲ್ಲ.

ಪ್ರಶ್ನೆ: ಇವುಗಳಲ್ಲಿ ಬರುವ ಇತಿಹಾಸವನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ರಾಜಕೀಯದ ದೊಡ್ಡ ಘಟನೆಗಳಲ್ಲಿ ಯಾರೂ ಸುಲಭವಾಗಿ ತಪ್ಪುವುದಿಲ್ಲ. ಲೇಖಕರ ಶ್ರಮ ತಿಳಿಯುವುದು ಸಣ್ಣ ವಸ್ತುಗಳಲ್ಲಿ. 1820ರ ಒಂದು ಇಂಗ್ಲಿಷ್ ಪ್ರೇಮಪತ್ರವನ್ನು ನಾಯಕಿ ಅಂಚೆಚೀಟಿ ಅಂಟಿಸಿದ ಲಕೋಟೆಯಿಂದ ಹೊರತೆಗೆದರೆ, ಆ ಪುಸ್ತಕದ ಉಳಿದ ವಿವರಗಳನ್ನೂ ಅನುಮಾನಿಸಿ. ಅಂಚೆಚೀಟಿ ಬಂದದ್ದು 1840ರಲ್ಲಿ. ಅದಕ್ಕೆ ಮುಂಚೆ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಲೆಕ್ಕ ಹಾಕಿ, ಸಾಮಾನ್ಯವಾಗಿ ಪತ್ರ ಪಡೆದವರಿಂದಲೇ ಹಣ ವಸೂಲು ಮಾಡುತ್ತಿದ್ದರು. ಲಕೋಟೆಯೂ ಒಂದು ಹಾಳೆಯೆಂದೇ ಲೆಕ್ಕ. ಹಾಗಾಗಿ ಜನ ಪತ್ರವನ್ನೇ ಮಡಿಸಿ ಅರಗಿನ ಮುದ್ರೆ ಒತ್ತುತ್ತಿದ್ದರು; ಹಾಳೆ ತುಂಬಿದ ಮೇಲೆ ಅದನ್ನು ಅಡ್ಡಕ್ಕೆ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಇದನ್ನು ಬಲ್ಲ ಲೇಖಕರು ಗುಟ್ಟಿನ ಮಾತನ್ನು ಆ ಅಡ್ಡಸಾಲುಗಳಲ್ಲಿ ಇಟ್ಟು, ಓದುವವರ ಕಣ್ಣಿಗೆ ಒಮ್ಮೆಲೇ ಬೀಳದಂತೆ ಮಾಡಬಲ್ಲರು.

ತಾರೀಖಿನ ವಿಷಯದಲ್ಲೂ ಎಚ್ಚರ ಬೇಕು. ಚರ್ಚಿನ ಪುಸ್ತಕದಲ್ಲಿ ಮದುವೆ 1740ರ ಏಪ್ರಿಲ್‌ನಲ್ಲಿ, ಮಗುವಿನ ಜ್ಞಾನಸ್ನಾನ 1740ರ ಫೆಬ್ರವರಿಯಲ್ಲಿ ಎಂದು ಇದ್ದರೆ, ಮದುವೆಗೆ ಮುಂಚೆಯೇ ಮಗು ಹುಟ್ಟಿತ್ತೆಂದು ಯಾರಿಗಾದರೂ ಅನಿಸುತ್ತದೆ. ಆದರೆ 1752ರ ಪಂಚಾಂಗ ಸುಧಾರಣೆಯವರೆಗೆ ಇಂಗ್ಲೆಂಡಿನಲ್ಲಿ ಅಧಿಕೃತ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಆ ಲೆಕ್ಕದಲ್ಲಿ 1740ರ ಫೆಬ್ರವರಿ ಬರುವುದು ಅದೇ ವರ್ಷದ ಏಪ್ರಿಲ್ ಕಳೆದು ಹತ್ತು ತಿಂಗಳಾದ ಮೇಲೆ. ದಂಪತಿಗಳು ನಿರ್ದೋಷಿಗಳು! ಇಲ್ಲದ ಕಳಂಕವನ್ನು ಮೊಮ್ಮಕ್ಕಳೇ ಕಲ್ಪಿಸಿಕೊಂಡು ಅದರ ಮೇಲೆ ಜಗಳವಾಡುವ ಕಥೆಯನ್ನು ಯಾರಾದರೂ ಬರೆದರೆ ನಾನು ಮೊದಲು ಕೊಂಡು ಓದುತ್ತೇನೆ.

ಪ್ರಶ್ನೆ: ಹತ್ತು ಪುಸ್ತಕ ಓದಿದ ಮೇಲೆ ಗುಟ್ಟು ಏನೆಂದು ಅರ್ಧದಲ್ಲಿಯೇ ಹೊಳೆದುಬಿಡುತ್ತದೆ. ಆಮೇಲೆ ಓದುವ ಉತ್ಸಾಹ ಉಳಿಯುವುದಿಲ್ಲ. ಏನು ಮಾಡಲಿ?

ಉತ್ತರ: ಗುಟ್ಟುಗಳ ಬಗೆ ಹೆಚ್ಚೇನೂ ಇಲ್ಲ: ಬದಲಾದ ಮಗು, ಸುಳ್ಳು ಹೆಸರು, ತಿದ್ದಿದ ಉಯಿಲು, ಸಹಜವೆಂದು ಹೂತುಹಾಕಿದ ಕೊಲೆ. ಆದ್ದರಿಂದ ಹೊಳೆಯುವುದು ಸಹಜ. ಅದು ಹೊಳೆದ ಕೂಡಲೇ ಪ್ರಶ್ನೆಯನ್ನು ಬದಲಾಯಿಸಿಕೊಳ್ಳಿ. ಈ ಮನೆಯಲ್ಲಿ ಇದು ಯಾರಿಗೆಲ್ಲ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದವರಿಗೆ ಏನು ಲಾಭವಾಯಿತು, ಬೆಲೆ ತೆತ್ತವರು ಯಾರು ಎಂದು ಕೇಳಿಕೊಳ್ಳುತ್ತ ಓದಿ. ಗಟ್ಟಿ ಕಾದಂಬರಿಯಾದರೆ ಈ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರುತ್ತದೆ, ಮತ್ತು ಗುಟ್ಟು ಬಯಲಾದ ಮೇಲೂ ಕನಿಷ್ಠ ಎರಡು ಮೂರು ಅಧ್ಯಾಯಗಳು ಉಳಿದಿರುತ್ತವೆ. ಇನ್ನೂ ಬದುಕಿರುವ ಮುದುಕಿಗೆ ಇದನ್ನು ಹೇಳಬೇಕೇ ಬಿಡಬೇಕೇ ಎಂಬ ತೊಳಲಾಟವೆಲ್ಲ ಬರುವುದು ಅಲ್ಲಿಯೇ. ಬಯಲಾದ ಪುಟದಲ್ಲೇ ಕಥೆ ಮುಗಿಯುವ ಪುಸ್ತಕವನ್ನು ನೀವು ಅರ್ಧಕ್ಕೆ ಬಿಟ್ಟರೂ ಅಂಥ ನಷ್ಟವಿಲ್ಲ.