ಆರು ತಿಂಗಳ ಫೀಸು ಕಟ್ಟಿಯಾಗಿದೆ, ಸೈಕ್ಲಿಂಗ್ ಕೋಚಿಂಗ್ ಮುಂದುವರಿಸಲೇ?

(ಗುರುತು ಸಿಗದಂತೆ ವಯಸ್ಸು, ಕೆಲಸ, ಊರಿನ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿ ಸಲಹೆ ಕೇಳಿ ಬಂದವರಿಗೆ 43 ವರ್ಷ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮೂರು ವರ್ಷದಿಂದ ರೋಡ್ ಬೈಕ್ ತುಳಿಯುತ್ತಿದ್ದಾರೆ. ಅವರ ಗುರಿ ಬಿಆರ್‌ಎಂ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ. ಇದು ರೇಸ್ ಅಲ್ಲ, ಮೊದಲು ಬಂದವರಿಗೆ ಬಹುಮಾನವಿಲ್ಲ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ ಮುಗಿಸಿದವರು ಸೂಪರ್ ರಾಂಡನ್ಯೂರ್. ಇವರು 200 ಅನ್ನು ಎರಡು ಸಲ ಮುಗಿಸಿದ್ದರು. 300ರಲ್ಲಿ 215ನೇ ಕಿ.ಮೀ. ಹೊತ್ತಿಗೆ 15 ಗಂಟೆ ಕಳೆದುಹೋಗಿ, ಹೊಟ್ಟೆ ಕೆಟ್ಟು, ಹಿಂದಿರುಗಿದ್ದರು.

ಅದಾದ ವಾರವೇ ಆನ್‌ಲೈನ್ ಕೋಚಿಂಗ್ ಸೇರಿ, ಆರು ತಿಂಗಳಿಗೆ 33,000 ರೂಪಾಯಿ ಒಟ್ಟಿಗೆ ಕಟ್ಟಿದರು. ನಾಲ್ಕು ತಿಂಗಳಾಗಿದೆ. ಬಲಮೊಣಕಾಲಿನ ಮುಂಭಾಗ ನೋವು, ನಿದ್ದೆ ಐದೂವರೆ ಗಂಟೆ, ಬೆಳಗ್ಗೆ ಏಳುವ ಮುಂಚಿನ ಹೃದಯ ಬಡಿತ 54ರಿಂದ 61ಕ್ಕೆ ಏರಿದೆ. "ದುಡ್ಡು ಕಟ್ಟಿಬಿಟ್ಟಿದೀನಿ ಸರ್. ಬಿಟ್ರೆ ಅಷ್ಟೂ ಹೋಯ್ತು, ಮಾಡಿದ್ರೆ ಆಗ್ತಿಲ್ಲ" ಎಂದರು. ಜೊತೆಗೆ ಬಂದಿದ್ದ ಪತ್ನಿ, "ದುಡ್ಡಿಗೆ ನಾನು ಬೇಡ ಅಂದಿಲ್ಲ. ಶನಿವಾರ ಭಾನುವಾರ ಎರಡೂ ದಿನ ಬೆಳಗ್ಗೆ ಇವರಿಲ್ಲ, ಮಧ್ಯಾಹ್ನ ಮಲಗಿರ್ತಾರೆ. ಮಕ್ಕಳು ಕೇಳೋದನ್ನೇ ಬಿಟ್ಟಿದಾರೆ" ಎಂದರು.

ಮೊದಲು ಆರೋಗ್ಯ. ನಲವತ್ತು ದಾಟಿದವರು ಉಸಿರುಗಟ್ಟುವ ತೀವ್ರತೆಯ ಇಂಟರ್ವಲ್ (ಜೋರು, ಹಗುರ ಸರದಿಯ ತಾಲೀಮು) ಶುರುಮಾಡುವ ಮುನ್ನ ವೈದ್ಯರನ್ನು ಕಾಣಬೇಕು. ಇವರು ಕಂಡಿರಲಿಲ್ಲ, ಕೋಚ್ ಕೇಳಿಯೂ ಇರಲಿಲ್ಲ. ಇಸಿಜಿ, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ಆಗುವವರೆಗೆ ಗಟ್ಟಿ ತಾಲೀಮು ಬೇಡವೆಂದೆವು. ವರದಿಗಳು ಸರಿಯಾಗಿದ್ದವು.

ಆಮೇಲೆ ಕೋಚ್ ಕೊಟ್ಟಿದ್ದ ನಾಲ್ಕು ತಿಂಗಳ ತಾಲೀಮಿನ ಕ್ಯಾಲೆಂಡರ್ ತೆಗೆಸಿ ನೋಡಿದೆವು. ವಾರಕ್ಕೆ ಐದು ದಿನ, 10 ಗಂಟೆ ಎಂದು ಬರೆದಿತ್ತು. ಅವರು ನಿಜಕ್ಕೂ ಮಾಡಿದ್ದು ಆರು ಗಂಟೆಯೊಳಗೆ. ತಪ್ಪಿದ ದಿನ ಕ್ಯಾಲೆಂಡರಿನಲ್ಲಿ ಕೆಂಪಾಗುತ್ತದೆ. ಆ ಕೆಂಪನ್ನು ಅವರು ಸಾಲವೆಂದೇ ಭಾವಿಸಿ, ಬುಧವಾರದ ಬಾಕಿಯನ್ನು ಭಾನುವಾರದ ದೂರದ ಸವಾರಿಗೆ ಸೇರಿಸಿ ತೀರಿಸುತ್ತಿದ್ದರು. ವಾರದ ಭಾರವೆಲ್ಲ ಎರಡೇ ದಿನಕ್ಕೆ ಬಿದ್ದು, ಸೋಮವಾರ ಮೆಟ್ಟಿಲು ಇಳಿಯುವಾಗ ಮೊಣಕಾಲು ಹಿಡಿಯುತ್ತಿತ್ತು. ತಪ್ಪಿದ ತಾಲೀಮು ತಪ್ಪಿತು, ಅದನ್ನು ಮುಂದಕ್ಕೆ ಒಯ್ಯಬಾರದು. ಒಳ್ಳೆಯ ಕೋಚ್ ಮೊದಲ ತಿಂಗಳಲ್ಲೇ ಹೇಳಬೇಕಾದ ಮಾತಿದು.

ಇನ್ನೊಂದು ತಪ್ಪು ಎಫ್‌ಟಿಪಿಯಲ್ಲಿತ್ತು. ಸುಮಾರು ಒಂದು ಗಂಟೆ ಸಮನಾಗಿ ತುಳಿಯಬಲ್ಲ ಶಕ್ತಿಯ ಅಂದಾಜು ಅದು, ಎಲ್ಲ ತಾಲೀಮಿನ ತೀವ್ರತೆಯನ್ನೂ ಅದರ ಶೇಕಡಾವಾರು ಲೆಕ್ಕದಲ್ಲೇ ಬರೆಯುತ್ತಾರೆ. ಮನೆಯ ಸ್ಮಾರ್ಟ್ ಟ್ರೇನರ್ (ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ, ವಾಟ್ ತೋರಿಸುವ ಯಂತ್ರ) ಮೇಲೆ 20 ನಿಮಿಷ ಪೂರ್ತಿ ಶಕ್ತಿಯಿಂದ ತುಳಿದು, ಬಂದ ಸರಾಸರಿಯನ್ನು 0.95ರಿಂದ ಗುಣಿಸಬೇಕು. ಅದಕ್ಕೂ ಮೊದಲು 5 ನಿಮಿಷ ಜೋರಾಗಿ ತುಳಿದು ಕಾಲಿನ ತಾಜಾತನ ತೆಗೆದಿರಬೇಕು, ಇಲ್ಲದಿದ್ದರೆ ಅಂಕಿ ಉಬ್ಬುತ್ತದೆ. ಇವರ ಸರಾಸರಿ 228 ವಾಟ್ ಬಂದಿತ್ತು, ಅದನ್ನೇ ಎಫ್‌ಟಿಪಿ ಎಂದು ತುಂಬಿದ್ದರು. ಸರಿಯಾದದ್ದು 217. ಹನ್ನೊಂದು ವಾಟ್ ಅಷ್ಟೇ ಎನಿಸಬಹುದು. ಆದರೆ ಎಫ್‌ಟಿಪಿಯ 88ರಿಂದ 94 ಶೇಕಡಾದಲ್ಲಿ ತುಳಿಯಬೇಕಾದ ತಾಲೀಮು 191–204ರ ಬದಲು 201–214 ವಾಟ್‌ಗೆ ಹೋಯಿತು. ಕಷ್ಟವಾದರೂ ಮುಗಿಸಬಹುದಾಗಿದ್ದ ಕೆಲಸ ಪ್ರತಿ ವಾರವೂ ಪರೀಕ್ಷೆಯಾಯಿತು, ಅರ್ಧಕ್ಕೆ ನಿಂತಿತು, ಕೆಂಪಾಯಿತು. "ನನಗೆ ಮನೋಬಲ ಇಲ್ಲ ಸರ್" ಎಂದು ಅವರು ಹೇಳಿದ್ದು ಇದಕ್ಕೇ. ಮನೋಬಲದ ಕೊರತೆ ಅಲ್ಲಿರಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನಿಲ್ಲದೆ ತುಳಿಯುತ್ತಿದ್ದುದೂ ಸೇರಿತ್ತು. ಮೈಯ ಬಿಸಿ ಹೊರಹೋಗದಿದ್ದರೆ ಅದೇ ವಾಟ್‌ಗೆ ಬಡಿತ ಏರುತ್ತಲೇ ಹೋಗುತ್ತದೆ.

ರಸ್ತೆಯಲ್ಲಿ ಅವರ ಬಳಿ ವಾಟ್ ಅಳೆಯುವ ಪವರ್ ಮೀಟರ್ ಇಲ್ಲ, ಎದೆಗೆ ಕಟ್ಟುವ ಬಡಿತದ ಪಟ್ಟಿ ಮಾತ್ರ. 220ರಲ್ಲಿ ವಯಸ್ಸು ಕಳೆದು ಗರಿಷ್ಠ 177 ಎಂದು ಹಾಕಿಕೊಂಡಿದ್ದರು. ನಂದಿಬೆಟ್ಟದ ಏರಿನಲ್ಲಿ ಅವರದೇ ದಾಖಲೆ 188 ತೋರಿಸುತ್ತಿತ್ತು! ಒಬ್ಬರೇ 30 ನಿಮಿಷ ಪೂರ್ತಿ ಶಕ್ತಿಯಿಂದ ತುಳಿದು, ಕೊನೆಯ 20 ನಿಮಿಷದ ಸರಾಸರಿ ಬಡಿತ ತೆಗೆಯಿರಿ ಎಂದೆವು. 168 ಬಂತು. ಅದರ 81ರಿಂದ 89 ಶೇಕಡಾ, ಅಂದರೆ 136ರಿಂದ 149, ಅವರ ಸಲೀಸು ಸವಾರಿಯ ಮಿತಿ. ಬಿಡದೆ ವಾಕ್ಯಗಳಲ್ಲಿ ಮಾತಾಡಲು ಆಗುತ್ತಿದ್ದರೆ ಆ ಮಿತಿಯೊಳಗೇ ಇದ್ದೀರಿ.

ನಮಗೆ ಮುಖ್ಯವೆನಿಸಿದ್ದು 200 ಕಿ.ಮೀ.ಯ ಲೆಕ್ಕ. ಒಟ್ಟು 13 ಗಂಟೆ 5 ನಿಮಿಷ. ಚಕ್ರ ತಿರುಗುತ್ತಿದ್ದಾಗಿನ ವೇಗ ಗಂಟೆಗೆ 20.5 ಕಿ.ಮೀ., ಅಂದರೆ ತುಳಿದದ್ದು 9 ಗಂಟೆ 45 ನಿಮಿಷ. ನಿಂತದ್ದು 3 ಗಂಟೆ 20 ನಿಮಿಷ. ಕೋಚಿಂಗಿನಿಂದ ವೇಗ ಒಂದು ಕಿ.ಮೀ. ಹೆಚ್ಚಿದರೆ, ಅದು ಸಣ್ಣ ಸಾಧನೆಯೇನಲ್ಲ, ಉಳಿಯುವುದು 27 ನಿಮಿಷ. ನಿಲ್ಲುವುದನ್ನು ಅರ್ಧಕ್ಕಿಳಿಸಿದರೆ 100 ನಿಮಿಷ. ಎಲ್ಲೆಲ್ಲಿ ನಿಂತಿರಿ ಎಂದು ಬರೆಸಿದೆವು: ದೋಸೆಗಾಗಿ ಕಾದದ್ದು 35 ನಿಮಿಷ, ಗುಂಪಿನವರು ಬರಲೆಂದು ಕಾದದ್ದು 40, ಪಂಕ್ಚರ್ 30. ಉಳಿದದ್ದು ಟೀ, ನೀರು, ಫೋನು, ಕೈ ಜೋಮು.

300ರಲ್ಲಿ ಕೈಕೊಟ್ಟದ್ದು ಊಟ. ಮೊದಲ 100 ಕಿ.ಮೀ.ಗೆ ಎರಡು ಇಡ್ಲಿ, ಕಾಫಿ. ಆಮೇಲೆ ಹಸಿವು ತಡೆಯಲಾರದೆ ಪೂರ್ತಿ ಊಟ, ಕೂಡಲೇ ಬಿಸಿಲಿನಲ್ಲಿ ಏರು. ಹೊಟ್ಟೆ ತಿರುಗಿದ್ದು ಹಾಗೆ. ಇಷ್ಟು ದೂರಕ್ಕೆ ಗಂಟೆಗೆ 60 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಬೇಕು, ಮೊದಲ ಗಂಟೆಯಿಂದಲೇ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, 750 ಮಿ.ಲೀ. ಬಾಟಲಿಗೆ ಹಾಕಿದ 30 ಗ್ರಾಂ ಸಕ್ಕರೆಯಲ್ಲಿ 30. ಅದಕ್ಕೆ ಕಾಲು ಟೀಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಗಂಟೆಗೊಂದು ಬಾಳೆಹಣ್ಣು, ಒಂದು ಬಾಟಲಿ, ಮಧ್ಯೆ ಎರಡು ಖರ್ಜೂರ. ಸೈಕಲ್ ಮೇಲೆ ಕೂತೇ ತಿನ್ನಬಹುದಾದ್ದು ಜೇಬಿನಲ್ಲಿದ್ದರೆ ದೋಸೆಗೆ ಕಾಯುವ ಪ್ರಮೇಯವೇ ಇಲ್ಲ.

ಮೊಣಕಾಲಿಗೆ ಮೊದಲ ಅನುಮಾನ ಸೀಟಿನ ಮೇಲೆ. ಪುಸ್ತಕವೊಂದನ್ನು ಕಾಲುಗಳ ಸಂದಿನಲ್ಲಿ ಒತ್ತಿ ಹಿಡಿದು, ಗೋಡೆಗೆ ಬೆನ್ನು ಕೊಟ್ಟು, ನೆಲದಿಂದ ಅಳೆದರೆ 82 ಸೆಂ.ಮೀ. ಇದನ್ನು 0.883ರಿಂದ ಗುಣಿಸಿದರೆ 72.4. ಎರಡೂ ಪೆಡಲ್ ತೋಳುಗಳು ಸೇರುವ ಅಚ್ಚಿನ (ಬಾಟಮ್ ಬ್ರಾಕೆಟ್) ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಅಂದಾಜು ಎತ್ತರ ಅದು. ಇವರದು 70 ಇತ್ತು. ಸೀಟು ತಗ್ಗಿದ್ದರೆ ಮೊಣಕಾಲು ಅತಿಯಾಗಿ ಮಡಚಿ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಹಾಗೆಂದು ಒಂದೇ ದಿನ 24 ಮಿ.ಮೀ. ಎತ್ತಿದರೆ ಹಿಂದೊಡೆ ಹಿಡಿಯುತ್ತದೆ, ಸೊಂಟ ಅತ್ತಿತ್ತ ಆಡುತ್ತದೆ. ವಾರಕ್ಕೆ 4–5 ಮಿ.ಮೀ. ಏರಿಸಿ, ಸೊಂಟ ಆಡಲು ಶುರುವಾದ ಕೂಡಲೇ ಒಂದು ಹೆಜ್ಜೆ ಇಳಿಸಿ. ಜೊತೆಗೆ, ಏರಿನಲ್ಲಿ ಇವರ ಪೆಡಲ್ ನಿಮಿಷಕ್ಕೆ 50 ಸುತ್ತಿಗೆ ಇಳಿಯುತ್ತಿತ್ತು. ಹಿಂದಿನ 11-28 ಕ್ಯಾಸೆಟ್ (ಹಿಂಚಕ್ರದ ಗೇರ್ ಬಿಲ್ಲೆಗಳ ಗೊಂಚಲು, ಅಂಕಿಗಳು ಚಿಕ್ಕ ಮತ್ತು ದೊಡ್ಡ ಬಿಲ್ಲೆಯ ಹಲ್ಲುಗಳು) ತೆಗೆದು 11-32 ಹಾಕಿಸಿದರೆ ಹಗುರಾಗುತ್ತದೆ, ಖರ್ಚು ಒಂದು ತಿಂಗಳ ಫೀಸಿನೊಳಗೆ. ಗೇರ್ ಬದಲಿಸುವ ಹಿಂದಿನ ಡಿರೇಲರ್ 32 ಹಲ್ಲು ಹಿಡಿಯುತ್ತದೆಯೇ, ಚೈನ್ ಉದ್ದ ಸಾಲುತ್ತದೆಯೇ ಎಂದು ಮೆಕ್ಯಾನಿಕ್ಕಿಗೆ ತೋರಿಸಿಯೇ ಕೊಳ್ಳಬೇಕು.

ಇನ್ನು ಕೋಚಿಂಗ್. ವಿಜಯಪುರ, ಬಾಗಲಕೋಟೆ ಕಡೆಯ ಕ್ರೀಡಾ ನಿಲಯಗಳಲ್ಲಿ ಬೆಳೆದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಗೆಲ್ಲುವುದನ್ನು ನೋಡಿ ಕೋಚ್ ಇಲ್ಲದೆ ಆಗದು ಎಂದುಕೊಳ್ಳುವವರಿದ್ದಾರೆ. ಅಲ್ಲಿ ತರಬೇತುದಾರರು ದಿನವೂ ಎದುರಿಗೇ ಇರುತ್ತಾರೆ, ಹುಡುಗನ ಮುಖ ನೋಡಿಯೇ ಇವತ್ತು ಬೇಡ ಎನ್ನಬಲ್ಲರು. ಆನ್‌ಲೈನ್ ಕೋಚಿಗೆ ಕಾಣುವುದು ಗಡಿಯಾರ ಕಳಿಸಿದ ಫೈಲ್ ಮಾತ್ರ. ಹಾಗಾಗಿ ಹವ್ಯಾಸಿ ದುಡ್ಡು ಕೊಟ್ಟು ಪಡೆಯಬೇಕಾದ್ದು ತಾಲೀಮಿನ ಪಟ್ಟಿಯನ್ನಲ್ಲ, ಅದು ಉಚಿತವಾಗಿ ಬೇಕಾದಷ್ಟು ಸಿಗುತ್ತದೆ. ಮಗುವಿಗೆ ಜ್ವರ ಬಂದ ವಾರ, ಮಾರ್ಚ್ ಕೊನೆಯ ಲೆಕ್ಕದ ವಾರ, ಪಟ್ಟಿಯನ್ನು ಬದಲಿಸಿಕೊಡುವ ಮನುಷ್ಯನಿಗೆ ಆ ದುಡ್ಡು. ನಾಲ್ಕು ತಿಂಗಳಲ್ಲಿ ಇವರ ಪಟ್ಟಿ ಒಮ್ಮೆಯೂ ಬದಲಾಗಿರಲಿಲ್ಲ. ಆದರೆ ಕೇಳಿದಾಗ ತಿಳಿಯಿತು, ಇವರೂ ಒಮ್ಮೆಯೂ ಏನನ್ನೂ ಬರೆದಿರಲಿಲ್ಲ. ನಾಚಿಕೆಯಿಂದ ಸುಮ್ಮನಿದ್ದರು.

ಕಟ್ಟಿದ 33,000 ಮುಂದುವರಿಸಿದರೂ ಬಿಟ್ಟರೂ ಹಿಂದೆ ಬರುವುದಿಲ್ಲ, ತೀರ್ಮಾನದಿಂದ ಅದನ್ನು ಹೊರಗಿಡಿ ಎಂದೆವು. ಉಳಿದ ಎಂಟು ವಾರದಲ್ಲಿ ಕೋಚಿಂಗನ್ನೇ ಪರೀಕ್ಷಿಸುವುದೆಂದು ಮಾತಾಯಿತು. ಅಲ್ಲೇ ಕೂತು ಕೋಚಿಗೆ ಬರೆಸಿದ್ದು ಹೀಗಿತ್ತು: "ನನ್ನ ಕೈಲಾಗುವುದು ವಾರಕ್ಕೆ ಆರೇ ಗಂಟೆ, ಭಾನುವಾರ ಮನೆಗೆ. ಎಫ್‌ಟಿಪಿ 217 ಎಂದು ತಿದ್ದಿ. ಮೊಣಕಾಲು ನೋವಿದೆ, ಎರಡು ವಾರ ಇಂಟರ್ವಲ್ ಬೇಡ. ಪ್ರತಿ ಭಾನುವಾರ ಮೂರು ಸಾಲು ಬರೆಯುತ್ತೇನೆ, ಸೋಮವಾರದೊಳಗೆ ಉತ್ತರ ಬೇಕು. ಈಗ ನೀವು ಎಷ್ಟು ಜನರನ್ನು ನೋಡಿಕೊಳ್ಳುತ್ತಿದ್ದೀರಿ?"

ಕೊನೆಯ ಪ್ರಶ್ನೆಯನ್ನು ಸೇರುವ ದಿನವೇ ಕೇಳಬೇಕಿತ್ತು. ಪರೀಕ್ಷೆ ಹೇಗೆ ಮಾಡುತ್ತೀರಿ, ಫೈಲ್ ನೋಡುವುದು ನೀವೇ ಅಥವಾ ಸಹಾಯಕರೇ, ಆರು ಗಂಟೆಯವರನ್ನು ಯಾವ ದೂರಕ್ಕೆ ಸಿದ್ಧಮಾಡಿದ್ದೀರಿ, ತಿಂಗಳ ಲೆಕ್ಕದಲ್ಲಿ ಕಟ್ಟಬಹುದೇ, ಇವನ್ನೂ ಕೇಳಬೇಕು. ಕೇವಲ ಆರು ತಿಂಗಳ ಮುಂಗಡ ಎನ್ನುವವರಲ್ಲಿ ಮೊದಲ ಸಲಕ್ಕೆ ಸೇರಬೇಡಿ.

ಕೋಚ್ ಎರಡೇ ದಿನಕ್ಕೆ ಪಟ್ಟಿ ಬದಲಿಸಿದರು, ಅದನ್ನು ಒಪ್ಪಲೇಬೇಕು. ಮಂಗಳವಾರ ಟ್ರೇನರ್ ಮೇಲೆ ಒಂದು ಗಂಟೆ: ಮೂರನೇ ವಾರದಿಂದ 191–204 ವಾಟ್‌ನಲ್ಲಿ 10 ನಿಮಿಷದಂತೆ ಮೂರು ಸಲ, ನಡುವೆ 5 ನಿಮಿಷ ಹಗುರ, ಏಳನೇ ವಾರಕ್ಕೆ 20 ನಿಮಿಷದಂತೆ ಎರಡು ಸಲ. ಗುರುವಾರ ಸಲೀಸಾಗಿ ಒಂದೂಕಾಲು ಗಂಟೆ. ಶನಿವಾರ ಬೆಳಗ್ಗೆ ಐದಕ್ಕೆ ಹೊರಟು ಒಂಬತ್ತರೊಳಗೆ ಮನೆ. ನಾಲ್ಕು ಮತ್ತು ಎಂಟನೇ ವಾರ ಸಮಯ ಅರ್ಧಕ್ಕೆ ಹತ್ತಿರ ಇಳಿಕೆ. ಭಾನುವಾರದ ಮೂರು ಸಾಲಿಗೆ ಎಂಟರಲ್ಲಿ ನಾಲ್ಕು ವಾರ ಉತ್ತರ ಬಂತು. ಅರವತ್ತಕ್ಕೂ ಹೆಚ್ಚು ಸವಾರರು ತಮ್ಮ ಬಳಿ ಇದ್ದಾರೆಂದು ಕೋಚ್ ನೇರವಾಗಿಯೇ ತಿಳಿಸಿದರು.

ಎಂಟನೇ ವಾರಕ್ಕೆ ಎಫ್‌ಟಿಪಿ 223, ಬೆಳಗಿನ ಬಡಿತ 55, ಮೊಣಕಾಲು ಶಾಂತ. ಅದೇ ತಿಂಗಳ 200 ಕಿ.ಮೀ. 11 ಗಂಟೆ 20 ನಿಮಿಷದಲ್ಲಿ ಮುಗಿಯಿತು. ನಿಂತದ್ದು 1 ಗಂಟೆ 50 ನಿಮಿಷ. ಕೋಚಿಂಗ್ ನವೀಕರಿಸುವುದು ಬೇಡ ಎಂದೆವು, ಅವರೂ ಒಪ್ಪಿದರು. ಇದೇ ಪಟ್ಟಿಯನ್ನು ಇನ್ನೆರಡು ಸುತ್ತು ತಾವೇ ನಡೆಸಬಲ್ಲರು. ವಾರಕ್ಕೆ ಎಂಟು ಗಂಟೆಗೂ ಹೆಚ್ಚು ಸಮಯವಿದ್ದು, ಒಂದು ಸೀಸನ್ ಪಟ್ಟಿ ಹಿಡಿದು ಮಾಡಿ, ವೇಗ ಅಲ್ಲೇ ನಿಂತವರಿಗೆ ನಮ್ಮ ಸಲಹೆ ಬೇರೆ. ಗಾಯದಿಂದ ಎದ್ದು ಬರುತ್ತಿರುವವರಿಗೆ, ವಿಶ್ರಾಂತಿ ತೆಗೆದುಕೊಳ್ಳಲಾರದೆ ಸೋಲುವವರಿಗೆ, ರೇಸಿಗೆ ಇಳಿಯುವವರಿಗೆ ಕೋಚ್ ದುಡ್ಡಿಗೆ ತಕ್ಕ ಬೆಲೆ ಕೊಡಬಲ್ಲರು.

ಕಳೆದ ಭೇಟಿಯಲ್ಲಿ ಅವರು 400ರ ಮಾತೆತ್ತಿದರು. 27 ಗಂಟೆಯ ಸವಾರಿಯಲ್ಲಿ ರಾತ್ರಿ ಪೂರ್ತಿ ರಸ್ತೆಯ ಮೇಲೆ ಕಳೆಯಬೇಕು. ಅದಕ್ಕೆ ತಿಂಗಳ ಕೋಚಿಂಗ್ ಬೇಡ, 400 ಮುಗಿಸಿದ ಅನುಭವಿಯೊಬ್ಬರ ಜೊತೆ ಒಂದು ಗಂಟೆ ಕೂತು ದೀಪ, ಬ್ಯಾಟರಿ, ನಿದ್ದೆ ಎಲ್ಲಿ ಎಷ್ಟು ಎಂದು ಬರೆದುಕೊಂಡು ಬನ್ನಿ ಎಂದಿದ್ದೇವೆ. ದಿನಾಂಕವನ್ನು ಮಕ್ಕಳ ಪರೀಕ್ಷೆಯ ವೇಳಾಪಟ್ಟಿ ನೋಡಿ ಪತ್ನಿಯೇ ಗೊತ್ತುಮಾಡುವುದೆಂದು ಇಬ್ಬರೂ ಒಪ್ಪಿದ್ದಾರೆ.